ಸಂಡೂರಿನ ಗುಡ್ಡದ ಊರುಗಳು: ಅಳೆದವರು, ಬರೆದವರು

ಸಂಡೂರಿನ ಕಣಿವೆಗೆ ಎರಡು ಹಳೆಯ ಬಾಗಿಲುಗಳಿವೆ. ಪಶ್ಚಿಮಕ್ಕೆ ಓಬಳಗಂಡಿ, ಪೂರ್ವಕ್ಕೆ ಭೀಮಗಂಡಿ. ಗುಡ್ಡದ ಸಾಲನ್ನು ಸೀಳಿಕೊಂಡು ನಾರಿಹಳ್ಳ ಒಂದರಿಂದ ಒಳಬಂದು ಇನ್ನೊಂದರಿಂದ ಹೊರಗೆ ಹೋಗುತ್ತದೆ. ಹೊರಗೆ ಬಳ್ಳಾರಿಯ ಬಿಸಿಲು ಬಯಲು, ಒಳಗೆ ಕಾಡು, ಹಸಿರು, ಮುಟ್ಟಿದರೆ ಕೈಗೆ ಕೆಂಪು ಹತ್ತುವ ಮಣ್ಣು. ಹೊಸಪೇಟೆಯಿಂದ ತಾಸೊಂದರಲ್ಲಿ ತಲುಪಬಹುದಾದ ಈ ಜಾಗವನ್ನು ದುರ್ಗಮ ಎನ್ನುವುದು ಇವತ್ತು ತಮಾಷೆಯಾಗಿ ಕೇಳಬಹುದು. ಆದರೆ ಗುಡ್ಡದ ಮೇಲಿನ, ಗುಡ್ಡದ ಬುಡದ ಹಳ್ಳಿ ಮತ್ತು ತಾಂಡಾಗಳಲ್ಲಿ ಜನ ಹೇಗೆ ಬದುಕಿದರು, ಏನು ಉಂಡರು, ನೀರಿಗೆ ಎಲ್ಲಿಗೆ ಹೋದರು ಎಂದು ಕಾಗದದಲ್ಲಿ ಹುಡುಕುತ್ತ ಹೊರಟರೆ ದಾರಿ ನಿಜಕ್ಕೂ ದುರ್ಗಮ. ಈ ಗುಡ್ಡಗಳ ಬಗ್ಗೆ ಸುಮಾರು ಇನ್ನೂರು ವರ್ಷಗಳಿಂದ ಬರೆಯುತ್ತಲೇ ಬಂದಿದ್ದಾರೆ. ಬರೆದವರಲ್ಲಿ ಹೆಚ್ಚಿನವರು ಬಂದದ್ದು ಕಲ್ಲಿಗಾಗಿ.

ಲೋಕದ ಬೇರೆ ಕಡೆಯೂ ಹೀಗೇ ನಡೆದಿದೆ. ನ್ಯೂಗಿನಿ ದ್ವೀಪದ ಎತ್ತರದ ಕಣಿವೆಗಳಲ್ಲಿ ಲಕ್ಷಾಂತರ ಜನ ಗೆಣಸು ಬೆಳೆದು, ಹಂದಿ ಸಾಕಿ ಬದುಕಿದ್ದಾರೆಂದು ಹೊರಗಿನವರಿಗೆ ಸರಿಯಾಗಿ ತಿಳಿಯತೊಡಗಿದ್ದು 1930ರ ನಂತರ. ಆ ವರ್ಷ ಆಸ್ಟ್ರೇಲಿಯದ ಮೈಕಲ್ ಲೇಹಿ ಚಿನ್ನ ಹುಡುಕುತ್ತ ಬೆಟ್ಟ ಹತ್ತಿದ್ದ. ದ್ವೀಪದ ಪಶ್ಚಿಮ ಭಾಗದಲ್ಲಿ 1936ರಲ್ಲಿ ಡಚ್ ಭೂವಿಜ್ಞಾನಿ ಜಾನ್ ಜಾಕ್ ಡೋಜಿ ಅದಿರಿನ ಒಂದು ಕಪ್ಪು ಶಿಖರವನ್ನು ಕಂಡು ವರದಿ ಬರೆದ. ಆ ವರದಿಯ ಜಾಡು ಹಿಡಿದು 1960ರಲ್ಲಿ ಫ್ರೀಪೋರ್ಟ್ ಕಂಪನಿಯವರು ಅಲ್ಲಿಗೆ ಹೋದರು, 1967ರಲ್ಲಿ ಇಂಡೋನೇಷ್ಯಾ ಸರ್ಕಾರದೊಡನೆ ಕರಾರಾಯಿತು. ಆ ಬೆಟ್ಟವನ್ನು ಪೂಜಿಸುತ್ತಿದ್ದ ಅಮುಂಗ್ಮೆ ಜನರ ಬದುಕಿನ ಬಗ್ಗೆ ಲೋಕ ಗಂಭೀರವಾಗಿ ಮಾತಾಡತೊಡಗಿದ್ದು ಗಣಿ ತೋಡಿದ ಮೇಲೆ. ಸಂಡೂರು ನ್ಯೂಗಿನಿಯ ಹಾಗೆ ಹೊರಗಿನವರಿಗೆ ಗೊತ್ತಿಲ್ಲದ ನಾಡಾಗಿರಲಿಲ್ಲ. ಬಾದಾಮಿ ಚಾಲುಕ್ಯರ, ರಾಷ್ಟ್ರಕೂಟರ ಕಾಲದ ಪಾರ್ವತಿ, ಕುಮಾರಸ್ವಾಮಿ ಗುಡಿಗಳು ಗುಡ್ಡದ ಮೇಲಿದ್ದವು. ಘೋರ್ಪಡೆ ಮನೆತನದ ಸಂಸ್ಥಾನವಿತ್ತು, ಕಂದಾಯದ ಲೆಕ್ಕವಿತ್ತು. ಆದರೂ ಕಲ್ಲು ಮೊದಲು, ಮನುಷ್ಯ ಆಮೇಲೆ ಎಂಬ ಕ್ರಮದಲ್ಲಿ ಎರಡೂ ಕಡೆ ವ್ಯತ್ಯಾಸವಿಲ್ಲ.

ಮೊದಲು ಬಂದವರು ಸೈನ್ಯದವರು. ಕ್ಯಾಪ್ಟನ್ ನ್ಯೂಬೋಲ್ಡ್ 1830ರ ದಶಕದಲ್ಲಿ ಬಳ್ಳಾರಿ ಸೀಮೆಯನ್ನು ಸುತ್ತಿ ಸಂಡೂರಿನ ಕಣಿವೆಯ ಬಗ್ಗೆ ಬರೆದ. 1840ರ ದಶಕದಲ್ಲಿ ಬಳ್ಳಾರಿಯ ದಂಡಿನ ಕಾಯಿಲೆ ಸೈನಿಕರಿಗೆ ತಂಪು ಹವೆ ಬೇಕಾಗಿ, ಸಮುದ್ರಮಟ್ಟಕ್ಕಿಂತ ಸುಮಾರು 3,200 ಅಡಿ ಎತ್ತರದ ರಾಮನದುರ್ಗವನ್ನು ಬ್ರಿಟಿಷರು ಆರೋಗ್ಯಧಾಮ ಮಾಡಿಕೊಂಡರು. ಬಂಗಲೆಗಳು ಎದ್ದವು. ಆ ಬಂಗಲೆಗಳಿಗೆ ನೀರು ಹೊತ್ತವರ, ದೊರೆಸಾನಿಯರ ಮೇನೆಗೆ ಹೆಗಲು ಕೊಟ್ಟವರ ಊರು ಯಾವುದು, ಕೂಲಿ ಎಷ್ಟು ಎಂದು ಆ ಕಾಲದ ಬರಹಗಳಲ್ಲಿ ಹುಡುಕಿದರೆ ಹವಾಮಾನದ ವಿವರವೇ ಮತ್ತೆ ಮತ್ತೆ ಕೈಗೆ ಸಿಗುತ್ತದೆ.

ಆಮೇಲೆ ಬಂದವನು ರಾಬರ್ಟ್ ಬ್ರೂಸ್ ಫುಟ್. ಭಾರತದ ಶಿಲಾಯುಗದ ಅಧ್ಯಯನಕ್ಕೆ 1863ರಲ್ಲಿ ಪಲ್ಲಾವರಂನಲ್ಲಿ ಸಿಕ್ಕ ಒಂದು ಕಲ್ಲಿನ ಉಪಕರಣದಿಂದ ಬುನಾದಿ ಹಾಕಿದವನು, ಧಾರವಾಡ ಶಿಲಾವರ್ಗಕ್ಕೆ ಹೆಸರು ಕೊಟ್ಟವನು. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಬಗ್ಗೆ ಅವನ ಗ್ರಂಥ 1895ರಲ್ಲಿ ಬಂತು. ಸಂಡೂರಿನ ಕಬ್ಬಿಣದ ಅದಿರು ಎಷ್ಟು ಸಮೃದ್ಧ ಎಂಬುದನ್ನು ಕ್ರಮವಾಗಿ ದಾಖಲಿಸಿದವನು ಅವನೇ. ನನಗೆ ಫುಟ್ ಬಗ್ಗೆ ಗೌರವವಿದೆ. ಕಾಲ್ನಡಿಗೆಯಲ್ಲಿ, ಕುದುರೆಯ ಮೇಲೆ ಇಷ್ಟು ನೆಲ ಸುತ್ತಿ ಇಷ್ಟು ನಿಖರವಾಗಿ ಬರೆದವರು ಕಡಿಮೆ. ಅವನ ಕಣ್ಣಿಗೆ ಸಾವಿರಾರು ವರ್ಷಗಳ ಹಿಂದಿನ ಮನುಷ್ಯನ ಕೊಡಲಿ ಕಂಡಿತು. ಅವನ ಗುಡಾರದ ಆಚೆ ಸೌದೆ ಕಡಿಯುತ್ತಿದ್ದವನ ಕೊಡಲಿ ಅವನ ಶಾಸ್ತ್ರದ ವಿಷಯವಾಗಿರಲಿಲ್ಲ.

ಅಧಿಕಾರಿಗಳ ಪುಸ್ತಕಗಳಲ್ಲಿ ಜನ ಸ್ವಲ್ಪ ಹೆಚ್ಚು ಕಾಣುತ್ತಾರೆ. ಜಾನ್ ಕೆಲ್ಸಾಲ್ 1872ರಲ್ಲಿ ಬಳ್ಳಾರಿ ಜಿಲ್ಲೆಯ ಕೈಪಿಡಿ ಬರೆದ. ಡಬ್ಲ್ಯು. ಫ್ರಾನ್ಸಿಸ್ 1904ರ ಗೆಜೆಟಿಯರಿನಲ್ಲಿ ಸಂಡೂರು ಸಂಸ್ಥಾನದ ವಿವರ ಕೊಟ್ಟ. 1901ರ ಜನಗಣತಿಯ ಪ್ರಕಾರ ಸುಮಾರು 160 ಚದರ ಮೈಲಿಯ ಸಂಸ್ಥಾನದಲ್ಲಿ ಇದ್ದವರು 11,200 ಮಂದಿ. ಇವತ್ತಿನ ಒಂದು ದೊಡ್ಡ ಗ್ರಾಮ ಪಂಚಾಯಿತಿಯಷ್ಟು ಜನ, ಅವರ ಸುತ್ತ ದಟ್ಟ ಕಾಡು. ನಡುವೆ 1876–78ರ ಭೀಕರ ಬರ ಹಾದುಹೋಗಿತ್ತು. ಜನಗಣತಿಯ ಸಂಖ್ಯೆ ಇಳಿದದ್ದು ಗೆಜೆಟಿಯರಿನಲ್ಲಿದೆ. ಗುಡ್ಡದ ಜನ ಆ ಎರಡು ವರ್ಷ ಯಾವ ಗೆಡ್ಡೆ, ಯಾವ ಸೊಪ್ಪು ತಿಂದು ಜೀವ ಹಿಡಿದರು ಎಂಬುದನ್ನು ಯಾರಾದರೂ ಕೇಳಿ ಬರೆದಿದ್ದರೆ ಅದು ಆ ಕಾಲದ ಎಲ್ಲ ಅಂಕಿಸಂಖ್ಯೆಗಿಂತ ಬೆಲೆಬಾಳುತ್ತಿತ್ತು.

ಲಂಬಾಣಿಗಳ ಪಾಡು ಇನ್ನೂ ವಿಚಿತ್ರ. ಎತ್ತಿನ ಹೇರಿನಲ್ಲಿ ಉಪ್ಪು, ಧಾನ್ಯ ಸಾಗಿಸಿ, ದಂಡುಗಳಿಗೆ ಅನ್ನ ಒದಗಿಸಿದ ಜನ ಅವರು. ರೈಲು ಬಂದ ಮೇಲೆ ಹೇರು ಹೋಯಿತು. ಕಾಡಂಚಿನಲ್ಲಿ ತಾಂಡಾ ಕಟ್ಟಿಕೊಂಡು ನಿಂತರು. ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ಏಳು ಸಂಪುಟಗಳಲ್ಲಿ ಅವರ ಉಡುಪು, ಒಡವೆ, ಮದುವೆಯ ವಿವರಗಳಿವೆ, ಜೊತೆಗೆ ಕಳ್ಳತನದ ಆರೋಪಗಳೂ ಇವೆ. ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಕಾಲದ ಬರವಣಿಗೆ ಅದು. ಆ ಕಾಯ್ದೆ ತೊಲಗಿದ್ದು 1952ರಲ್ಲಿ. ತಾಂಡಾದ ನಾಯಕ, ಡಾವ್, ಕಾರಭಾರಿ ಸೇರಿ ನ್ಯಾಯ ಹೇಳುವ ಪದ್ಧತಿ, ಗುಳೆಯ ಲೆಕ್ಕ, ಸಾಲದ ಲೆಕ್ಕ ಇವೆಲ್ಲ ಕನ್ನಡದ ವಿದ್ವಾಂಸರ ಪುಸ್ತಕಗಳಿಗೆ ಬರಲು ಇನ್ನೂ ಕೆಲವು ದಶಕ ಬೇಕಾದವು. ಪಿ.ಕೆ. ಖಂಡೋಬಾ ಅವರಂಥವರು ಕರ್ನಾಟಕದ ಲಂಬಾಣಿಗಳ ಬಗ್ಗೆ ಒಳಗಿನವರಾಗಿ ಬರೆದಾಗ ಆ ಸಾಲು ಬೇರೆ ದಿಕ್ಕಿಗೆ ತಿರುಗಿತು.

ಈ ನಡುವೆ ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಜನರಲ್ ಸಂಡೂರ್ ಮೈನಿಂಗ್ ಕಂಪನಿ ಮ್ಯಾಂಗನೀಸ್ ತೆಗೆಯಲು ಬಂತು. ಗುಡ್ಡದ ಹಳ್ಳಿಗೆ ದುಡ್ಡಿನ ಕೂಲಿ ಬಂದದ್ದು ಹೀಗೆ. ಸಂಸ್ಥಾನ 1949ರಲ್ಲಿ ಮದ್ರಾಸಿಗೆ ಸೇರಿತು, 1953ರಲ್ಲಿ ಮೈಸೂರಿಗೆ ಬಂತು. 1954ರಲ್ಲಿ ಸಂಡೂರು ಮ್ಯಾಂಗನೀಸ್ ಕಂಪನಿ ಹುಟ್ಟಿತು, 1977ರಲ್ಲಿ ದೋಣಿಮಲೆಯಲ್ಲಿ ಎನ್‌ಎಂಡಿಸಿ ಕಬ್ಬಿಣದ ಅದಿರು ತೆಗೆಯತೊಡಗಿತು. ಕಾಲೊನಿ, ಶಾಲೆ, ಆಸ್ಪತ್ರೆ ಬಂದವು. ಕಾಲೊನಿಯ ಬೇಲಿಯ ಒಳಗೆ ನಲ್ಲಿ ನೀರು, ಹೊರಗಿನ ಹಟ್ಟಿಗೆ ಕೊಡ. ಆದರೂ ಒಂದು ಮಾತು ಒಪ್ಪಬೇಕು: ಅದಿರನ್ನು ಆಗ ಎಣಿಸಿ, ಅಳೆದು ತೆಗೆಯುತ್ತಿದ್ದರು. ಘೋರ್ಪಡೆ ರಾಜಮನೆತನದ ಬಗ್ಗೆ ಜನರಲ್ಲಿ ಇವತ್ತಿಗೂ ಒಂದು ಬಗೆಯ ಅಭಿಮಾನವಿದೆ. 1930ರ ದಶಕದ ಆರಂಭದಲ್ಲಿಯೇ ಕುಮಾರಸ್ವಾಮಿ ಗುಡಿಯನ್ನು ದಲಿತರಿಗೆ ತೆರೆದದ್ದು, 1934ರಲ್ಲಿ ಗಾಂಧೀಜಿ ಬಂದದ್ದು ಸಂಡೂರಿನ ಹಿರಿಯರ ಬಾಯಲ್ಲಿ ಇನ್ನೂ ಇದೆ.

ಹೊರಗಿನವರು ಇಷ್ಟೆಲ್ಲ ಬರೆಯುತ್ತಿದ್ದಾಗ ಗುಡ್ಡದ ಜನ ಸುಮ್ಮನಿರಲಿಲ್ಲ. ಅವರ ದಾಖಲೆ ಬಾಯಲ್ಲಿತ್ತು. ಕಂಪ್ಲಿಯಿಂದ ಆಳಿದ ಕಂಪಿಲರಾಯ, ಅವನ ಮಗ ಕುಮಾರರಾಮ, ಕುಮ್ಮಟದುರ್ಗ, ಸಂಡೂರು ಗುಡ್ಡಗಳ ಹೊಸಮಲೆ, 1327ರ ಸುಮಾರಿಗೆ ದಿಲ್ಲಿಯ ದಂಡಿನ ಎದುರು ಬಿದ್ದ ರಾಜ್ಯ: ಈ ಕಥೆ ಹಾಡಾಗಿ ಊರೂರು ಸುತ್ತಿತು. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ ಬುರ್ರಕಥೆಯಲ್ಲಿ ಕುಮಾರರಾಮನನ್ನೂ ಇನ್ನೂ ಹಲವು ಕಾವ್ಯಗಳನ್ನೂ ರಾತ್ರಿಗಟ್ಟಲೆ ಹಾಡುತ್ತಿದ್ದರು. ಬುಡ್ಗ ಜಂಗಮ ಸಮುದಾಯದ, ಓದುಬರಹ ಕಲಿಯದ ಈ ಹೆಣ್ಣುಮಗಳ ನೆನಪಿನಲ್ಲಿದ್ದ ಸಾಲುಗಳನ್ನು ಬರೆದಿಟ್ಟರೆ ಗೆಜೆಟಿಯರುಗಳೇ ತೆಳ್ಳಗೆ ಕಾಣುತ್ತವೆ. 1991ರಲ್ಲಿ ಹುಟ್ಟಿದ ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಅವರು ತೀರಿಕೊಂಡದ್ದು 2014ರಲ್ಲಿ. ಇದೇ ದರೋಜಿಯ ಸುತ್ತಲ ಕೆರೆ, ಹಳ್ಳ, ಹೊಲಗಳ ಶತಮಾನಗಳ ಕಥೆಯನ್ನು ಪುರಾತತ್ವಜ್ಞೆ ಕ್ಯಾಥ್ಲೀನ್ ಮಾರಿಸನ್ 2009ರಲ್ಲಿ ಪುಸ್ತಕವಾಗಿ ತಂದರು. ಮಳೆಯನ್ನು ನಂಬಿ ಬದುಕುವ ಬಡ ಒಕ್ಕಲು ಒಂದು ನೆಲವನ್ನು ಹೇಗೆ ಕಟ್ಟಿತು ಎಂದು ಕೇಳಿದ ಅಪರೂಪದ ಅಧ್ಯಯನ ಅದು. ಕಲ್ಲಿಗೆ ಬಂದವರ ಸಾಲಿನಲ್ಲಿ ಮಣ್ಣಿಗೆ ಬಂದವರು ಇವರು.

ಹಂಪಿಯ ಕಥೆಯೂ ಹತ್ತಿರದ್ದೇ, ಆದ್ದರಿಂದ ಒಂದು ಮಾತು. 1980ರಿಂದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಶೆಲ್ ಅಲ್ಲಿನ ಒಂದೊಂದು ಗೋಡೆ, ಒಂದೊಂದು ಮೆಟ್ಟಿಲನ್ನೂ ನಕ್ಷೆಗೆ ಇಳಿಸಿದರು, 1986ರಲ್ಲಿ ವಿಶ್ವ ಪರಂಪರೆಯ ಪಟ್ಟವೂ ಬಂತು. ಆ ನಕ್ಷೆಗಳ ನಡುವೆಯೇ ಮನೆಮಾಡಿಕೊಂಡಿದ್ದ ಹಂಪಿ ಬಜಾರಿನ ಸಂಸಾರಗಳನ್ನು 2011ರ ಜುಲೈನಲ್ಲಿ ಬುಲ್ಡೋಜರ್ ತಂದು ಎಬ್ಬಿಸಿದರು. ಅದೇ ತಿಂಗಳ ಕೊನೆಗೆ, ಗುಡ್ಡದ ಆಚೆ, ಸುಪ್ರೀಂ ಕೋರ್ಟಿನ ಆದೇಶದಿಂದ ಬಳ್ಳಾರಿಯ ಗಣಿಗಳೆಲ್ಲ ನಿಂತವು.

ಅದಕ್ಕೆ ಮುಂಚಿನ ಹತ್ತು ವರ್ಷ ಸಂಡೂರನ್ನು ನೋಡಿದವರಿಗೆ ವಿವರಿಸಬೇಕಿಲ್ಲ. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿತು. ಗುತ್ತಿಗೆಯ ಗುಡ್ಡ ಸಾಲದೆ, ಪಟ್ಟಾ ಹೊಲಗಳ ಮೇಲ್ಮಣ್ಣಿನಲ್ಲಿದ್ದ ಅದಿರಿನ ಕಲ್ಲನ್ನೂ ಬಗೆದರು. ಜೋಳ, ಮೆಣಸಿನಕಾಯಿ ಬೆಳೆಯುತ್ತಿದ್ದ ಹೊಲ ಒಂದೆರಡು ವರ್ಷಕ್ಕೆ ಹೊಂಡವಾಯಿತು. ಸಂಸಾರಕ್ಕೆ ಸಂಸಾರವೇ ಸುತ್ತಿಗೆ, ಜರಡಿ ಹಿಡಿದು ಕೂತಿತು. ಗಂಡ ಕಲ್ಲು ಒಡೆದರೆ ಹೆಂಡತಿ ಜರಡಿ ಹಿಡಿದಳು, ಮಕ್ಕಳು ಬುಟ್ಟಿ ಹೊತ್ತವು. 2005ರ ಹೊತ್ತಿಗೆ ಸ್ವಯಂಸೇವಾ ಸಂಸ್ಥೆಗಳ ಸತ್ಯಶೋಧನಾ ತಂಡಗಳು ಹೊಸಪೇಟೆ, ಸಂಡೂರಿನ ಗಣಿಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ವರದಿ ಬರೆದವು. ಗುಡ್ಡದ ಊರಿನ ಗುಡಿಸಲಿನ ಒಳಕ್ಕೆ ಹೋಗಿ, ಮಕ್ಕಳು ಎಷ್ಟು ಹೊತ್ತಿಗೆ ಏಳುತ್ತವೆ, ಎಲ್ಲಿ ಮಲಗುತ್ತವೆ, ಶಾಲೆ ಯಾಕೆ ಬಿಟ್ಟವು ಎಂದು ಕೇಳಿದ ಬರವಣಿಗೆ ಇದು. ಫುಟ್‌ನಿಂದ ಲೆಕ್ಕ ಹಾಕಿದರೆ ನೂರಹತ್ತು ವರ್ಷ ತಡವಾಗಿ ಬಂತು.

ಕಥೆಗಾರರು ಅದಕ್ಕಿಂತ ತೀರ ಹಿಂದೆ ಉಳಿಯಲಿಲ್ಲ. ಸಂಡೂರಿನವರೇ ಆದ ವಸುಧೇಂದ್ರ ತಮ್ಮ ಪ್ರಬಂಧಗಳಲ್ಲಿ ಗಣಿಗೆ ಮೊದಲಿನ ಊರನ್ನು, ‘ಕೆಂಪು ಗಿಣಿ’ ಕಥೆಯಲ್ಲಿ ಗಣಿ ಬಂದ ಮೇಲಿನ ನೆಲವನ್ನು ಕಂಡರು. ಧೂಳು ಬಿದ್ದು ಬಣ್ಣಗೆಟ್ಟ ಬದುಕನ್ನು ಹಿಡಿಯಲು ಕಥೆಗೆ ಇರುವ ಅನುಕೂಲ ವರದಿಗೆ ಇಲ್ಲ. ವರದಿಗೆ ಸಾಕ್ಷಿ ಬೇಕು, ಕಥೆಗೆ ಮೂಗು ಸಾಕು.

ಆದರೆ ನ್ಯಾಯಾಲಯಕ್ಕೆ ಸಾಕ್ಷಿಯೇ ಬೇಕು. ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ 2008 ಮತ್ತು 2011ರ ವರದಿಗಳು ಬಂದದ್ದು, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ್ದು ಗಣಿಗಾರಿಕೆಯ ದಿಕ್ಕನ್ನೇ ಬದಲಿಸಿತು. ಖಜಾನೆಗೆ ಆದ ನಷ್ಟ 16,085 ಕೋಟಿ ರೂಪಾಯಿ ಎಂದು 2011ರ ವರದಿ ಲೆಕ್ಕ ಹಾಕಿತು. ಆಮೇಲಿನ ಆದೇಶಗಳಲ್ಲಿ ಗಣಿಗಳು ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಣೆಯಾದವು. ಬಳ್ಳಾರಿಯಿಂದ ವರ್ಷಕ್ಕೆ ತೆಗೆಯಬಹುದಾದ ಅದಿರಿಗೆ 2.5 ಕೋಟಿ ಟನ್ ಮಿತಿ ಬಿತ್ತು, 2022ರ ಹೊತ್ತಿಗೆ ಅದು 3.5 ಕೋಟಿಗೆ ಏರಿತು. ಗುತ್ತಿಗೆಯ ಗಡಿಗಳನ್ನು ಹೊಸದಾಗಿ ಅಳೆದರು. ಅರಣ್ಯ ಸಂಶೋಧನಾ ಪರಿಷತ್ತಿನವರು ಒಂದೊಂದು ಗಣಿಗೂ ಪುನಶ್ಚೇತನದ ಯೋಜನೆ ಬರೆದರು: ಇಳಿಜಾರು ಕಟ್ಟುವುದು, ಚೆಕ್ ಡ್ಯಾಂ ಹಾಕುವುದು, ಗಿಡ ನೆಡುವುದು. ಗಣಿ ನಿಂತಾಗ ಜರಡಿ ಕೆಳಗಿಟ್ಟವರು ಏನಾದರು ಎಂಬ ಪ್ರಶ್ನೆಗೆ ಈ ಕಡತಗಳಲ್ಲಿ ಅಷ್ಟು ಜಾಗ ಸಿಗಲಿಲ್ಲ. ಹೊಲ ಹೋಗಿತ್ತು, ಕೂಲಿಯೂ ಹೋಯಿತು. ತಾಂಡಾದ ಮಂದಿ ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಗುಳೆ ಹೊರಟರು. ಗುಳೆ ಹೊಸದೇನಲ್ಲ. ಆದರೆ ಮಳೆ ಬಂದರೆ ವಾಪಸು ಬರಲು ಮೊದಲು ಹೊಲವಿರುತ್ತಿತ್ತು.

ಊರಲ್ಲೇ ಉಳಿದ ಹೆಂಗಸರ ದುಡಿಮೆಯ ಒಂದು ಎಳೆ ಮಾತ್ರ ಗಣಿಯ ಏರಿಳಿತಕ್ಕೆ ಸಿಗದೆ ನಡೆದುಬಂದಿದೆ. 1984ರಲ್ಲಿ ಶುರುವಾದ ಸಂಡೂರು ಕುಶಲ ಕಲಾ ಕೇಂದ್ರ, ಸುಶೀಲಾನಗರದಂಥ ತಾಂಡಾಗಳ ಹೆಂಗಸರು ಪೇಟಿಯಾ (ಲಂಗ), ಕಾಂಚಳಿಗೆ (ರವಿಕೆ) ಹಾಕುತ್ತಿದ್ದ ಕಸೂತಿಯನ್ನು ಮಾರಾಟದ ಬಟ್ಟೆಗೆ ತಂದಿತು. 2010ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ 1,755 ಕಸೂತಿ ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರು. ದಾಖಲೆಯ ಸಂಭ್ರಮಕ್ಕೆ ನನ್ನ ತಕರಾರಿಲ್ಲ. ಕಸೂತಿಯ ಬಗ್ಗೆ ಬರೆದವರು ಹೊಲಿಗೆಯ ಬಗೆಗಳನ್ನು, ಕನ್ನಡಿ, ಕವಡೆಗಳನ್ನು ಚೆನ್ನಾಗಿ ವಿವರಿಸಿದ್ದಾರೆ. ಸಂಜೆ ಅಡುಗೆ ಮುಗಿಸಿ ಸೂಜಿ ಹಿಡಿಯುವವಳಿಗೆ ಒಂದು ತುಂಡಿಗೆ ಎಷ್ಟು ತಾಸು ಹಿಡಿಯುತ್ತದೆ, ಆ ದುಡ್ಡು ಮನೆಯಲ್ಲಿ ಯಾರ ಕೈಗೆ ಸೇರುತ್ತದೆ ಎಂಬ ಪ್ರಶ್ನೆಗಳನ್ನೂ ಅಷ್ಟೇ ಆಸ್ಥೆಯಿಂದ ಕೇಳುವ ಕೆಲಸ ಬಾಕಿಯಿದೆ.

ಈಗ ದುಡ್ಡಿಗೇನೂ ಕೊರತೆಯಿಲ್ಲ. 2015ರ ಗಣಿ ಕಾನೂನಿನ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಬೇರೆ ನಿಗಮವೇ ಇದೆ, ಅದರ ಸಾವಿರಾರು ಕೋಟಿಯ ಮೇಲ್ವಿಚಾರಣೆಗೆ ಸುಪ್ರೀಂ ಕೋರ್ಟ್ 2022ರಲ್ಲಿ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ನೇಮಿಸಿತು. ಕುಡಿಯುವ ನೀರು, ರಸ್ತೆ, ಆಸ್ಪತ್ರೆ, ಮನೆಗಳೆಂದು ಯೋಜನೆಗಳು ಸಾಲುಗಟ್ಟಿವೆ. ಖರ್ಚು ಮಾಡಬೇಕೆಂದರೆ ಯಾವ ಊರಿನಲ್ಲಿ ಏನಿಲ್ಲ ಎಂದು ಗೊತ್ತಿರಬೇಕು. ಗುಡ್ಡದ ಊರಿಗೆ ಮನೆಮನೆಯ ಸಮೀಕ್ಷೆ ಅನಿವಾರ್ಯವಾಗಿರುವುದು ಹೀಗೆ, ಬೊಕ್ಕಸದ ಕಡೆಯಿಂದ. ತಾಂಡಾ, ಹಟ್ಟಿಗಳನ್ನು ಕಂದಾಯ ಗ್ರಾಮ ಮಾಡಿ ವಾಸದ ಜಾಗಕ್ಕೆ ಹಕ್ಕುಪತ್ರ ಕೊಡಲು ರಾಜ್ಯದ ಭೂಕಂದಾಯ ಕಾಯ್ದೆಯಲ್ಲಿ ಅವಕಾಶವಾಗಿದೆ. ಆದರೆ ಸಂಡೂರಿನಂಥ ಕಡೆ ಮನೆಯ ಹಿತ್ತಿಲಿಗೇ ಕಾಡಿನ ಗಡಿ, ಕಾಡಿನ ಆಚೆ ಗಣಿಯ ಗಡಿ.

ಇತ್ತೀಚಿನ ಜಗಳವೂ ಗಡಿಯದ್ದೇ. ಸ್ವಾಮಿಮಲೆಯ ದೇವದಾರಿ ಗುಡ್ಡದಲ್ಲಿ ಗಣಿ ಮಾಡಲು ಕುದುರೆಮುಖ ಕಂಪನಿ ಮುಂದಾದಾಗ ಸುಮಾರು 99 ಸಾವಿರ ಮರಗಳು ಹೋಗುತ್ತವೆಂದು ಪರಿಸರ ಹೋರಾಟಗಾರರು ಎದ್ದುನಿಂತರು. 2024ರ ಜೂನ್‌ನಲ್ಲಿ ಕೇಂದ್ರದ ಉಕ್ಕು ಸಚಿವರು ಕಡತಕ್ಕೆ ಸಹಿ ಹಾಕಿದರು, ರಾಜ್ಯ ಸರ್ಕಾರ ಅರಣ್ಯ ಹಸ್ತಾಂತರಕ್ಕೆ ತಡೆ ಹಾಕಿತು. ಪತ್ರಿಕೆಗಳಲ್ಲಿ ಮರಗಳ ಸಂಖ್ಯೆ ಓಡಾಡಿತು, ಅದಿರಿನ ಟನ್ನುಗಳ ಸಂಖ್ಯೆ ಓಡಾಡಿತು. ಆ ಗುಡ್ಡಕ್ಕೆ ದನ, ಕುರಿ ಹೊಡೆಯುವವರು ಎಷ್ಟು ಮನೆಯವರು, ಬೇಸಿಗೆಯಲ್ಲಿ ಯಾವ ಒರತೆಯ ನೀರು ಯಾವ ಊರಿಗೆ, ಕಾಡಿನ ಹಣ್ಣು, ಸೌದೆ, ಪೊರಕೆ ಹುಲ್ಲಿನಿಂದ ವರ್ಷದ ಎಷ್ಟು ತಿಂಗಳು ಒಲೆ ಉರಿಯುತ್ತದೆ ಎಂಬ ಲೆಕ್ಕವನ್ನು ಎರಡೂ ಕಡೆಯವರು ಮುಂದಿಡಲಿಲ್ಲ. ಗುಡ್ಡದ ಬುಡದ ಯಾವ ಊರಿನ ಕಟ್ಟೆಯ ಮೇಲೆ ಕೂತು ಕೇಳಿದರೂ ಸಿಗುವ ಲೆಕ್ಕ ಅದು. ಹೊಸಪೇಟೆಯಿಂದ ಸಂಡೂರಿಗೆ ಬಸ್ಸಿದೆ.