ಯುವ ವಯಸ್ಸಿನ ಹೃದ್ರೋಗ

ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳಗಳಲ್ಲಿ ಚಿಕ್ಕ ವಯಸ್ಸಿಗೇ ಕೊಬ್ಬು ಕಟ್ಟಿಕೊಂಡು ದಾರಿ ಕಿರಿದಾಗುವುದನ್ನು ವೈದ್ಯರು ಅಕಾಲಿಕ ಹೃದ್ರೋಗ ಎನ್ನುತ್ತಾರೆ. ಎಷ್ಟು ವಯಸ್ಸಿನೊಳಗೆ ಬಂದರೆ ಅಕಾಲಿಕ ಎಂಬುದರಲ್ಲಿ ಒಮ್ಮತವಿಲ್ಲ. ಕೆಲವರು 45 ಎಂದರೆ ಕೆಲವರು 40 ಎನ್ನುತ್ತಾರೆ.

2024ರ ನವೆಂಬರ್ 6ರಂದು ನೆಲಮಂಗಲ–ದಾಸನಪುರ ಮಾರ್ಗದ ಬಿಎಂಟಿಸಿ ಬಸ್ಸಿನಲ್ಲಿ ನಡೆದದ್ದು ಒಳಗಿನ ಕ್ಯಾಮೆರಾದಲ್ಲಿ ದಾಖಲಾಗಿದೆ. 40ರ ಆಸುಪಾಸಿನ ಚಾಲಕ ಹೃದಯಾಘಾತವಾಗಿ ಸೀಟಿನಲ್ಲೇ ಪಕ್ಕಕ್ಕೆ ವಾಲುತ್ತಾರೆ, ಬಸ್ಸು ಇನ್ನೊಂದು ಬಸ್ಸನ್ನು ಸವರಿಕೊಂಡು ಮುಂದಕ್ಕೆ ಹೋಗುತ್ತದೆ, ಕಂಡಕ್ಟರ್ ನುಗ್ಗಿ ಬಂದು ಅದನ್ನು ನಿಲ್ಲಿಸುತ್ತಾರೆ. ಪ್ರಯಾಣಿಕರು ಪಾರಾದರು, ಚಾಲಕ ಉಳಿಯಲಿಲ್ಲ. ಜಯದೇವ ಹೃದ್ರೋಗ ಸಂಸ್ಥೆಯ ಜತೆಗೂಡಿ ಬಿಎಂಟಿಸಿ ತನ್ನ ನೌಕರರಿಗೆ ಹೃದಯ ತಪಾಸಣೆ ಏರ್ಪಡಿಸಿತ್ತು. ಆದರೆ ಅದು 45 ದಾಟಿದವರಿಗೆ. ಭಾರತೀಯರ ಮಟ್ಟಿಗೆ ಈ ಲೆಕ್ಕ ತಡವಾದದ್ದೇ.

ಯಾಕೆಂದರೆ 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದ ಮಾಹಿತಿಯಂತೆ, ದಕ್ಷಿಣ ಏಷ್ಯಾದವರಲ್ಲಿ ಮೊದಲ ಹೃದಯಾಘಾತದ ಮಧ್ಯಾಂಕ ವಯಸ್ಸು 53. ಉಳಿದವರಲ್ಲಿ 59ರ ಹತ್ತಿರ. ಕಾರಣಗಳೂ ನಿಗೂಢವಲ್ಲ: ತಂಬಾಕು, ರಕ್ತದ ಕೊಬ್ಬಿನ ಏರುಪೇರು, ಬಿಪಿ, ಶುಗರ್, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ದೇಹಶ್ರಮವಿಲ್ಲದ ದಿನಚರಿ. ಭಾರತೀಯರಲ್ಲಿ ಒಳ್ಳೆಯ ಕೊಲೆಸ್ಟ್ರಾಲ್ ಕಡಿಮೆ, ಟ್ರೈಗ್ಲಿಸರೈಡ್ ಹೆಚ್ಚು ಇರುವುದು ಸಾಮಾನ್ಯ. ತೂಕದ ಯಂತ್ರ ತಲೆಕೆಡಿಸಿಕೊಳ್ಳದ ತೆಳ್ಳನೆಯ ಆಳಿನ ಹೊಟ್ಟೆಯನ್ನು ಟೇಪು ಪತ್ತೆಹಚ್ಚುತ್ತದೆ. ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ಮೀರಬಾರದು.

40ರೊಳಗಿನ ಹೃದ್ರೋಗಿಗಳ ಬಗ್ಗೆ ಜಯದೇವ ಸಂಸ್ಥೆ 2017ರಿಂದ ಪ್ರತ್ಯೇಕ ದಾಖಲೆ ಇಡುತ್ತಿದೆ. ಅದರಲ್ಲಿ ಎದ್ದು ಕಾಣುವುದು ಧೂಮಪಾನ. ನಾಗವಾರದ ಮಾನ್ಯತಾ ಟೆಕ್ ಪಾರ್ಕ್ ಸುತ್ತಲಿನ ಯಾವುದೇ ಟೀ ಅಂಗಡಿಯೆದುರು ನಿಂತವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು: ಒಂದು ಕೈಯಲ್ಲಿ ಬೈಟು ಟೀ, ಇನ್ನೊಂದರಲ್ಲಿ ಸಿಗರೇಟು. ವಿಮಾನ ನಿಲ್ದಾಣದ ರಸ್ತೆಯಲ್ಲಿ ರಾತ್ರಿಯಿಡೀ ಕ್ಯಾಬ್ ಓಡಿಸುವವರಿಗೆ ನಿದ್ದೆಗೇಡು, ಹೊತ್ತುಗೊತ್ತಿಲ್ಲದ ಊಟ, ಕೂತಲ್ಲೇ ಕೆಲಸ ಸೇರಿಕೊಳ್ಳುತ್ತವೆ.

ಎಳೆ ವಯಸ್ಸಿನ ಆಘಾತಕ್ಕೆ ಒಂದು ವಿಶೇಷವಿದೆ. ನಾಳ ಅರ್ಧದಷ್ಟೂ ಮುಚ್ಚಿರದಿದ್ದರೂ ಕೊಬ್ಬಿನ ಪದರ ಒಡೆದು, ಮೇಲೆ ರಕ್ತ ಹೆಪ್ಪುಗಟ್ಟಿ, ಕೆಲವೇ ನಿಮಿಷಗಳಲ್ಲಿ ಹರಿವು ನಿಲ್ಲಬಹುದು. ವರ್ಷಗಟ್ಟಲೆ ನಿಧಾನವಾಗಿ ನಾಳ ಮುಚ್ಚಿದವರಲ್ಲಿ ಪಕ್ಕದ ಸಣ್ಣ ನಾಳಗಳು ಬೆಳೆದು ಸ್ವಲ್ಪ ರಕ್ತ ಒದಗಿಸುತ್ತವೆ. ಯುವಕರಲ್ಲಿ ಹಾಗೆ ಬೆಳೆಯಲು ಸಮಯವೇ ಸಿಕ್ಕಿರುವುದಿಲ್ಲ. ಇದರ ಮೇಲೆ ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸೋಡಾ ಕುಡಿದು ಮಲಗುವ ಅಭ್ಯಾಸ ಬೇರೆ.

ಎಲ್ಲ ಹಠಾತ್ ಸಾವೂ ನಾಳದ ಕಾಯಿಲೆಯಲ್ಲ. ಹುಟ್ಟಿನಿಂದ ಬಂದ ಸ್ನಾಯುದೋಷ, ಬಡಿತದ ಲಯ ತಪ್ಪುವುದು ಕೂಡ ಹೃದಯಸ್ತಂಭನ ತರುತ್ತವೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಜನ ಜಿಮ್‌ಗಳತ್ತ ಬೆರಳು ತೋರಿದರು. ನಿತ್ಯ ಸೇದುವ ಸಿಗರೇಟಿನ ಮೇಲೆ ಅಷ್ಟು ಅನುಮಾನ ಹುಟ್ಟಲಿಲ್ಲ. 2025ರಲ್ಲಿ ಹಾಸನ ಜಿಲ್ಲೆಯ ಸಾಲು ಸಾಲು ಹಠಾತ್ ಸಾವುಗಳು ಸುದ್ದಿಯಾದಾಗಲೂ ಗುಮಾನಿ ಕೋವಿಡ್ ಲಸಿಕೆಯತ್ತ ಹೊರಳಿತು. ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿ ಪರಿಶೀಲಿಸಿದ 24 ಸಾವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದ್ದೇ ಅಲ್ಲ. ಲಸಿಕೆಯ ನಂಟೂ ಕಾಣಲಿಲ್ಲ. ಆ ಜುಲೈನಲ್ಲಿ ಸರ್ಕಾರ, ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳಿಗೆ ಮರಣೋತ್ತರ ಪರೀಕ್ಷೆ ಕಡ್ಡಾಯ ಎಂದಿತು.

ಪುನೀತ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಡಿ ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ. ಆಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡಲಾಗುತ್ತದೆ. ಆಂಜಿಯೋಪ್ಲಾಸ್ಟಿ ಬೇಕಾದವರನ್ನು ಆಮೇಲೆ ದೊಡ್ಡ ಆಸ್ಪತ್ರೆಗೆ ಸಾಗಿಸುತ್ತಾರೆ.