ಪೈನ್ ಕಾಡು, ಬೆಂಕಿ ಮತ್ತು ತೊಗಟೆ ದುಂಬಿ

ಕಾಡನ್ನು ಉಳಿಸಲೆಂದು ಅರಣ್ಯ ಸಿಬ್ಬಂದಿಯೇ ಬೆಂಕಿ ಹಚ್ಚುತ್ತಾರೆಂದರೆ ನೀವು ನಂಬುವಿರಾ? ಅಮೆರಿಕದ ಪಶ್ಚಿಮ ಭಾಗದ ಪೈನ್ ಕಾಡುಗಳಲ್ಲಿ ಇದು ಇಂದು ರೂಢಿಯಲ್ಲಿದೆ. ಆದರೆ ಈ ಹಂತ ತಲುಪುವ ಮೊದಲು ಅಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ವಾದ ನಡೆಯಿತು. ಆ ವಾದದಲ್ಲಿ ಅಕ್ಕಿಕಾಳಿನಷ್ಟು ಪುಟ್ಟ ಕೀಟವೊಂದಕ್ಕೂ ಪಾತ್ರವಿತ್ತು. ಅದೇ ತೊಗಟೆ ದುಂಬಿ.

ಕ್ಯಾಲಿಫೋರ್ನಿಯದ ಸಿಯೆರ ನೆವಾಡ ಬೆಟ್ಟಗಳ ಪಾಂಡೆರೋಸ ಪೈನ್ ಮರಕ್ಕೆ ಬೆಂಕಿ ಹೊಸದಲ್ಲ. ಸಿಡಿಲಿನಿಂದಲೋ ಮೂಲನಿವಾಸಿಗಳು ಹಚ್ಚಿದ್ದರಿಂದಲೋ ಕೆಲವು ವರ್ಷಗಳಿಗೊಮ್ಮೆ ಅಲ್ಲಿ ಬೆಂಕಿ ನೆಲಮಟ್ಟದಲ್ಲಿ ಹರಿಯುತ್ತಿತ್ತು. ಮರಗಳ ವಾರ್ಷಿಕ ಉಂಗುರಗಳಲ್ಲಿ ಉಳಿದ ಸುಟ್ಟ ಗಾಯಗಳೇ ಇದಕ್ಕೆ ಸಾಕ್ಷಿ. ತರಗು, ಸಣ್ಣ ಸಸಿಗಳು ಉರಿದುಹೋಗುತ್ತಿದ್ದವು. ದಪ್ಪ ತೊಗಟೆಯ ದೊಡ್ಡ ಮರಗಳು ಬದುಕುತ್ತಿದ್ದವು.

1910ರಲ್ಲಿ ಇಡಾಹೊ, ಮೊಂಟಾನ ರಾಜ್ಯಗಳಲ್ಲಿ ಎದ್ದ ಮಹಾ ಕಾಳ್ಗಿಚ್ಚು ಸುಮಾರು 12 ಲಕ್ಷ ಹೆಕ್ಟೇರ್ ಕಾಡನ್ನು ಸುಟ್ಟಿತು. 85ಕ್ಕೂ ಕಡಿಮೆಯಿಲ್ಲದಷ್ಟು ಜನ ಸತ್ತರು. ಎಲ್ಲ ಬೆಂಕಿಯೂ ಶತ್ರುವೇ ಎಂದು ಅರಣ್ಯ ಇಲಾಖೆ ದೃಢವಾಗಿ ನಂಬಿತು. ಆದರೆ ಕ್ಯಾಲಿಫೋರ್ನಿಯದ ಕೆಲವು ಭೂಮಾಲೀಕರು ಹಗುರ ಬೆಂಕಿ ಒಳ್ಳೆಯದು, ಅದು ಕೀಟಗಳನ್ನೂ ಕೊಲ್ಲುತ್ತದೆ ಎಂದು ವಾದಿಸಿದರು. ಕೀಟವಿಜ್ಞಾನಿಗಳಾದ ಮಿಲ್ಲರ್ ಮತ್ತು ಪ್ಯಾಟರ್ಸನ್ 1927ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳಿತು: ಬೆಂಕಿಯಿಂದ ಗಾಯಗೊಂಡ ಮರಗಳಿಗೆ ದುಂಬಿಗಳು ಹೆಚ್ಚಾಗಿ ಮುತ್ತುತ್ತವೆ. ಬೆಂಕಿಯ ವಿರೋಧಿಗಳಿಗೆ ಇದು ಬಲ ನೀಡಿತು. 1935ರಲ್ಲಿ, ಯಾವುದೇ ಕಾಡಿನ ಬೆಂಕಿಯನ್ನು ಮರುದಿನ ಬೆಳಿಗ್ಗೆ 10 ಗಂಟೆಯೊಳಗೆ ಹತೋಟಿಗೆ ತರಬೇಕೆಂಬ ನಿಯಮ ಬಂದಿತು.

ದುಂಬಿ ಮರವನ್ನು ಕೊಲ್ಲುವುದು ಹೇಗೆ? ಅದು ತೊಗಟೆಯನ್ನು ಕೊರೆದು ಒಳಗೆ ಮೊಟ್ಟೆ ಇಡುತ್ತದೆ. ವಾಸನೆಯ ಸಂಕೇತದಿಂದ ಬಳಗವನ್ನೂ ಕರೆಯುತ್ತದೆ. ಮರಿಹುಳುಗಳು ಮತ್ತು ದುಂಬಿ ಹೊತ್ತು ತರುವ ಶಿಲೀಂಧ್ರ ಸೇರಿ ಮರದ ಆಹಾರ, ನೀರುಗಳ ದಾರಿಯನ್ನು ಕಡಿದುಹಾಕುತ್ತವೆ. ಮರದ ಆಯುಧ ರಾಳ. ಅದು ಜೋರಾಗಿ ಒಸರಿದರೆ ದುಂಬಿ ಅದರಲ್ಲೇ ಸಿಕ್ಕಿ ಸಾಯುತ್ತದೆ. ಆದರೆ ರಾಳ ತಯಾರಿಸಲು ಮರಕ್ಕೆ ಶಕ್ತಿ ಬೇಕು.

ಬೆಂಕಿಯನ್ನು ತಡೆದ ಕಾಡಿನಲ್ಲಿ ಸಸಿಗಳು ಒತ್ತೊತ್ತಾಗಿ ಬೆಳೆದವು. ನೀರು, ಬೆಳಕಿಗೆ ಪೈಪೋಟಿ ಹೆಚ್ಚಿ ಮರಗಳು ಸೊರಗಿದವು. ಹೆರಾಲ್ಡ್ ವೀವರ್ ಎಂಬ ಅರಣ್ಯಾಧಿಕಾರಿ 1943ರಲ್ಲಿ ಇದನ್ನು ಬರೆದಾಗ, ಅದು ಇಲಾಖೆಯ ನಿಲುವಲ್ಲ ಎಂಬ ಟಿಪ್ಪಣಿಯೊಂದಿಗೆ ಲೇಖನ ಅಚ್ಚಾಯಿತು! ರಾಷ್ಟ್ರೀಯ ಉದ್ಯಾನಗಳ ಇಲಾಖೆ 1968ರಲ್ಲಿ, ಅರಣ್ಯ ಇಲಾಖೆ 1978ರಲ್ಲಿ ಧೋರಣೆ ಬದಲಿಸಿದವು.

2012ರಿಂದ ಕ್ಯಾಲಿಫೋರ್ನಿಯದಲ್ಲಿ ಭೀಕರ ಬರ ಬಂದಿತು. ಬರ ಮತ್ತು ದುಂಬಿಗಳಿಂದ 2010-2017ರ ಅವಧಿಯಲ್ಲಿ ಸುಮಾರು 12.9 ಕೋಟಿ ಮರಗಳು ಸತ್ತವೆಂದು ಅರಣ್ಯ ಇಲಾಖೆ ಅಂದಾಜಿಸಿತು. ಸಿಯೆರ ನೆವಾಡದ ಉದ್ಯಾನಗಳಲ್ಲಿ ಮೊದಲೇ ನಿಯಂತ್ರಿತ ಬೆಂಕಿ ಕಂಡಿದ್ದ ಕಾಡಿನಲ್ಲಿ ಮರಗಳ ಸಾವು ಕಡಿಮೆಯಿತ್ತೆಂದು 2016ರ ಅಧ್ಯಯನವೊಂದು ತೋರಿಸಿತು. ಮೊಂಟಾನದಲ್ಲಿ ಶರಾನ್ ಹುಡ್ ಮತ್ತು ಸಂಗಡಿಗರು 2015ರಲ್ಲಿ ಇನ್ನೊಂದು ಅಂಶ ವರದಿ ಮಾಡಿದರು: ಹಗುರ ಬೆಂಕಿಯನ್ನು ಎದುರಿಸಿದ ಪಾಂಡೆರೋಸ ಮರಗಳಲ್ಲಿ ರಾಳದ ನಾಳಗಳು ಹೆಚ್ಚುತ್ತವೆ.

ಹಾಗಾದರೆ ಮಿಲ್ಲರ್, ಪ್ಯಾಟರ್ಸನ್ ತಪ್ಪಿದರೆ? ಇಲ್ಲ. ಸೂಜಿ ಎಲೆಗಳು ಬಹಳಷ್ಟು ಕಮರಿದ ಮರವನ್ನು ದುಂಬಿ ಇಂದಿಗೂ ಹುಡುಕಿಕೊಂಡು ಬರುತ್ತದೆ. ದಶಕಗಳ ತರಗು ಬುಡದಲ್ಲಿ ಗಂಟೆಗಟ್ಟಲೆ ಹೊಗೆಯಾಡಿದರೆ ಹಳೆಯ ಮರದ ಬೇರು ಮತ್ತು ಒಳತೊಗಟೆ ಬೇಯುತ್ತವೆ. ಆದ್ದರಿಂದಲೇ ಮೊದಲ ಬೆಂಕಿಗೆ ಮುನ್ನ ದೊಡ್ಡ ಮರಗಳ ಬುಡದಿಂದ ತರಗನ್ನು ಗೋರಿ ತೆಗೆಯುವ ಕ್ರಮವಿದೆ.

ಒಂದು ಅಧ್ಯಯನ ಬೆಂಕಿಯಾದ ಮರುವರ್ಷದ ಮರವನ್ನು ನೋಡಿದರೆ, ಇನ್ನೊಂದು ದಶಕದ ನಂತರದ ಕಾಡನ್ನು ನೋಡುತ್ತದೆ. ಎರಡೂ ನಿಜ. ಮೊದಲನೆಯದನ್ನೇ ಪೂರ್ಣಸತ್ಯವೆಂದು ನಂಬಿದ್ದಕ್ಕೆ ಕಾಡು ಬೆಲೆ ತೆತ್ತಿತು. ಬೆಂಕಿ ಬೇಕೆ, ಬೇಡವೆ ಎನ್ನುವುದಕ್ಕಿಂತ ಎಂಥ ಬೆಂಕಿ, ಯಾವಾಗ, ಎಷ್ಟು ವರ್ಷಕ್ಕೊಮ್ಮೆ ಎಂಬುದೇ ಸರಿಯಾದ ಪ್ರಶ್ನೆ, ಅಲ್ಲವೆ?