ಆರಡಿ ಮೂರಡಿ: ಹುಕ್ಕೇರಿ ಸೀಮೆಯ ನಾಯಕರ ಕೊನೆಯ ನೆಲೆ

ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಪ್ಪಾಣಿ ದಾಟಿ ಸಂಕೇಶ್ವರದ ಕಡೆ ಬರುವಾಗ ಕಣಗಲಾ ಸಿಗುತ್ತದೆ. ಹುಕ್ಕೇರಿ ತಾಲ್ಲೂಕಿನ ಈ ಗಡಿ ಗ್ರಾಮದ ಹೆಸರು ಹೊರಗಿನವರಿಗೆ ತಿಳಿದಿರುವುದು ಅಲ್ಲಿನ ಹಿಂದೂಸ್ತಾನ್ ಲ್ಯಾಟೆಕ್ಸ್ ಕಾರ್ಖಾನೆಯಿಂದ. ಕೇಂದ್ರ ಆರೋಗ್ಯ ಸಚಿವಾಲಯಕ್ಕೆ ಸೇರಿದ ಈ ಕಾರ್ಖಾನೆ ಕುಟುಂಬ ಯೋಜನೆಯ ಸಾಧನಗಳನ್ನು ತಯಾರಿಸುತ್ತದೆ. ಅದು ಆರಂಭವಾದದ್ದು 1985ರಲ್ಲಿ. ಅದಕ್ಕೂ ಮೊದಲಿನ ಐದು ವರ್ಷ, 1980ರಿಂದ 1984ರವರೆಗೆ, ಕೇಂದ್ರದ ಆರೋಗ್ಯ ಸಚಿವರಾಗಿದ್ದವರು ಬಿ. ಶಂಕರಾನಂದ. ಅವರು ಹುಟ್ಟಿದ್ದು ಇದೇ ಕಣಗಲಾದಲ್ಲಿ. ಕೇರಳದ ಕಂಪನಿಯೊಂದು ಬೆಳಗಾವಿ ಜಿಲ್ಲೆಯ ಈ ಹಳ್ಳಿಗೆ ಏಕೆ ಬಂತು ಎಂಬುದನ್ನು ತಿಳಿಯಲು ಈ ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು.

ಚಿಕ್ಕೋಡಿ ಮೀಸಲು ಕ್ಷೇತ್ರದಿಂದ 1967ರಿಂದ ಸತತ 7 ಬಾರಿ ಲೋಕಸಭೆಗೆ ಆರಿಸಿ ಹೋದ ಶಂಕರಾನಂದರು ಆರೋಗ್ಯ, ಜಲಸಂಪನ್ಮೂಲ, ಪೆಟ್ರೋಲಿಯಂ ಖಾತೆಗಳನ್ನು ನೋಡಿಕೊಂಡರು. ಬೊಫೋರ್ಸ್ ಹಗರಣದ ತನಿಖೆಗೆ ನೇಮಕವಾದ ಜಂಟಿ ಸಂಸದೀಯ ಸಮಿತಿಯ ಅಧ್ಯಕ್ಷರೂ ಅವರೇ. 1996ರಲ್ಲಿ ಸೋತರು, 2009ರ ನವೆಂಬರ್‌ನಲ್ಲಿ ತೀರಿಕೊಂಡರು. ಆದರೆ ಹುಟ್ಟೂರಿನಲ್ಲಿ ಅವರನ್ನು ದಿನನಿತ್ಯ ನೆನಪಿಸುವುದು ಯಾವುದೇ ಕಲ್ಲಿನ ಕಟ್ಟೆಯಲ್ಲ, ಪಾಳಿಗೆ ಸರಿಯಾಗಿ ಬಾಗಿಲು ತೆರೆಯುವ ಒಂದು ಕಾರ್ಖಾನೆ.

ಹಾಗಾದರೆ ಈ ಸೀಮೆಯನ್ನು ಆಳಿದ ಉಳಿದವರ ನೆನಪು ಎಲ್ಲಿದೆ? ಬದುಕಿದ್ದಾಗ ಊರೆಲ್ಲ ತಮ್ಮದು ಎಂದುಕೊಂಡವರಿಗೂ ಕೊನೆಗೆ ಬೇಕಾಗುವುದು ಆರಡಿ ಮೂರಡಿ ಜಾಗ. ಆ ಜಾಗ ಯಾವುದು, ಅದನ್ನು ಕೊಟ್ಟವರು ಯಾರು ಎಂಬುದನ್ನು ನೋಡುತ್ತ ಹೋದರೆ ಬೆಳಗಾವಿ ಜಿಲ್ಲೆಯ ಐದು ಶತಮಾನಗಳ ರಾಜಕಾರಣದ ಒಂದು ನಕ್ಷೆ ಸಿಗುತ್ತದೆ.

ಗುಮ್ಮಟಗಳ ಊರು

ಈ ನಕ್ಷೆಯ ಮೊದಲ ಗುರುತುಗಳು ತಾಲ್ಲೂಕು ಕೇಂದ್ರವಾದ ಹುಕ್ಕೇರಿಯಲ್ಲೇ ಇವೆ. ಊರಿನಲ್ಲಿ ಎದ್ದು ಕಾಣುವ ಹಳೆಯ ಗುಮ್ಮಟಗಳು ಬಿಜಾಪುರದ ಆದಿಲಶಾಹಿಗಳ ಕಾಲದವು. ಸುಲ್ತಾನರ ಪರವಾಗಿ ಈ ಪ್ರಾಂತ್ಯವನ್ನು ನೋಡಿಕೊಂಡ ಅಧಿಕಾರಿಗಳ ಗೋರಿಗಳು ಇವು. ಹುಕ್ಕೇರಿ ಎಂಬ ಹೆಸರು ‘ಹೂವಿನ ಕೇರಿ’ಯಿಂದ ಬಂತೆಂದೂ, ಇಲ್ಲಿಂದ ಬಿಜಾಪುರದ ದರಬಾರಿಗೆ ಗುಲಾಬಿ ಹೋಗುತ್ತಿತ್ತೆಂದೂ ಪ್ರತೀತಿ ಇದೆ. ಹೂವಿನ ತೋಟಗಳು ಅಳಿದವು, ಗುಮ್ಮಟಗಳು ಉಳಿದವು. ಒಳಗೆ ಮಲಗಿರುವವರ ಹೆಸರು ಮಾತ್ರ ಊರಿನ ಹೆಚ್ಚಿನವರ ಬಾಯಲ್ಲಿಲ್ಲ.

ಬೆಳಗಾವಿಯ ಅಸದ್ ಖಾನ್ ಲಾರಿಯ ಕತೆ ಇದಕ್ಕೆ ವಿರುದ್ಧವಾದದ್ದು. ಪರ್ಷಿಯಾ ಮೂಲದ ಈ ಸರದಾರ ಇಸ್ಮಾಯಿಲ್ ಮತ್ತು ಇಬ್ರಾಹಿಂ ಆದಿಲಶಾಹರ ಕಾಲದಲ್ಲಿ ಬೆಳಗಾವಿ ಕೋಟೆಯ ಅಧಿಪತಿಯಾಗಿದ್ದವನು. ಕೋಟೆಯೊಳಗಿನ ಸಫಾ ಮಸೀದಿ ಅವನ ಹೆಸರಿನೊಂದಿಗೆ ಕೂಡಿಕೊಂಡಿದೆ. ಸುಲ್ತಾನರು ಬದಲಾದರೂ ತನ್ನ ಸ್ಥಾನ ಕದಲದಂತೆ ನೋಡಿಕೊಂಡ, ಗೋವೆಯ ಪೋರ್ಚುಗೀಸರೊಂದಿಗೂ ವ್ಯವಹಾರ ನಡೆಸಿದ ಚತುರ. 1549ರಲ್ಲಿ ತೀರಿಕೊಂಡ ಅವನ ಗೋರಿ ಇಂದಿನ ದಂಡು ಪ್ರದೇಶದಲ್ಲಿದೆ. ಕಾಲಾಂತರದಲ್ಲಿ ಅದು ದರ್ಗಾ ಆಯಿತು, ಜನ ಹರಕೆ ಹೊತ್ತು ಬರತೊಡಗಿದರು. ಆಡಳಿತಗಾರನಾಗಿ ಸತ್ತವನು ಗೋರಿಯೊಳಗೆ ಸಂತನಾಗಿಬಿಟ್ಟ.

ಜನರೇ ಕಾಯ್ದ ಸಮಾಧಿಗಳು

ಗೋರಿಗೆ ಅಧಿಕಾರದ ಬಲ ಇರಲೇಬೇಕೆಂದಿಲ್ಲ. ಕಿತ್ತೂರಿನ ಇತಿಹಾಸವೇ ಇದಕ್ಕೆ ಸಾಕ್ಷಿ. 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಸತ್ತ ಸೇಂಟ್ ಜಾನ್ ಥ್ಯಾಕರೆ ಧಾರವಾಡದ ಕಲೆಕ್ಟರ್ ಮಾತ್ರವಲ್ಲ, ಕಂಪನಿ ಸರಕಾರದ ‘ಪೊಲಿಟಿಕಲ್ ಏಜೆಂಟ್’ ಕೂಡ ಆಗಿದ್ದ. ಕಾದಂಬರಿಕಾರ ಥ್ಯಾಕರೆಗೆ ಆತ ಚಿಕ್ಕಪ್ಪನಾಗಬೇಕು. ಅವನ ನೆನಪಿಗೆ ಕಂಪನಿಯವರು ಧಾರವಾಡದಲ್ಲಿ ಎತ್ತರದ ಕಲ್ಲುಕಂಬ ನಿಲ್ಲಿಸಿದರು.

ಗೆದ್ದ ರಾಣಿ ಚೆನ್ನಮ್ಮ ಅದೇ ಡಿಸೆಂಬರ್‌ನಲ್ಲಿ ಸೆರೆಯಾಗಿ, ಬೈಲಹೊಂಗಲದ ಬಂಧನದಲ್ಲೇ 1829ರಲ್ಲಿ ತೀರಿಕೊಂಡಳು. ಅವಳ ಸಮಾಧಿ ಅಲ್ಲೇ ಇದೆ. ಅವಳ ಬಂಟ ಸಂಗೊಳ್ಳಿ ರಾಯಣ್ಣನನ್ನು ಖಾನಾಪುರ ತಾಲ್ಲೂಕಿನ ನಂದಗಡದ ಬಳಿ 1831ರ ಜನವರಿ 26ರಂದು ಗಲ್ಲಿಗೇರಿಸಲಾಯಿತು. ಮುಂದೆ ಅದೇ ದಿನಾಂಕ ಗಣರಾಜ್ಯೋತ್ಸವವಾದದ್ದು ಕಾಕತಾಳೀಯ. ನಂದಗಡದಲ್ಲಿರುವ ರಾಯಣ್ಣನ ಸಮಾಧಿಗೆ ಆಲದ ಮರದ ನೆರಳಿದೆ. ಮಕ್ಕಳಾಗದವರು ಅಲ್ಲಿ ಪುಟ್ಟ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ಥ್ಯಾಕರೆಯ ಕಂಬಕ್ಕೆ ಸರಕಾರದ ಆಸರೆ ಇತ್ತು. ರಾಯಣ್ಣನಿಗೆ ಇದ್ದದ್ದು ಜನರ ಹರಕೆ. ಇಂದು ಯಾವುದರ ಮುಂದೆ ಜನ ಸೇರುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸುಡುವವರು, ಹೂಳುವವರು

ಸ್ವಾತಂತ್ರ್ಯಾನಂತರದ ನಾಯಕರ ವಿಷಯಕ್ಕೆ ಬರುವ ಮೊದಲು ಒಂದು ಮಾತು ಗಮನದಲ್ಲಿರಬೇಕು. ಸಮಾಧಿಗಳನ್ನು ಎಣಿಸಿ ನಾಯಕರ ಪಟ್ಟಿ ಮಾಡುತ್ತೇನೆ ಎಂದರೆ ಈ ಜಿಲ್ಲೆಯಲ್ಲಿ ಅದು ಎಂದೂ ಪೂರ್ಣವಾಗುವುದಿಲ್ಲ. ಬ್ರಾಹ್ಮಣರು, ಜೈನರು, ಮರಾಠರು ದೇಹವನ್ನು ಸುಡುತ್ತಾರೆ. ಬೂದಿ ಹೊಳೆ ಸೇರಿದರೆ ಮುಗಿಯಿತು, ಗುರುತು ಉಳಿಯುವುದಿಲ್ಲ. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ ಅಧಿವೇಶನವನ್ನು ನಡೆಸಿಕೊಟ್ಟ, ‘ಕರ್ನಾಟಕ ಸಿಂಹ’ ಎನಿಸಿದ ಗಂಗಾಧರರಾವ ದೇಶಪಾಂಡೆ ಅವರನ್ನು ಹುಡುಕಬೇಕಾದದ್ದು ಸಮಾಧಿಯಲ್ಲಲ್ಲ, ಹುದಲಿಯ ಖಾದಿ ಕೇಂದ್ರದಲ್ಲಿ.

ಲಿಂಗಾಯತರ ಪದ್ಧತಿ ಬೇರೆ. ಇಷ್ಟಲಿಂಗ ಧರಿಸಿದ ದೇಹವನ್ನು ಅವರು ಸುಡುವುದಿಲ್ಲ. ಸತ್ತವರು ಲಿಂಗದಲ್ಲಿ ಒಂದಾದರು ಎಂಬ ನಂಬಿಕೆಯಿಂದ ‘ಲಿಂಗೈಕ್ಯ’ರಾದರು ಎನ್ನುತ್ತಾರೆ. ಕುಣಿ ತೋಡಿ, ಅದರೊಳಗೆ ಒಂದು ಗೂಡು ಮಾಡಿ, ದೇಹವನ್ನು ಕುಳಿತ ಭಂಗಿಯಲ್ಲಿ ಇರಿಸಿ, ವಿಭೂತಿ ಮತ್ತು ಬಿಲ್ವಪತ್ರೆ ಹಾಕಿ ಮುಚ್ಚುವುದು ವಾಡಿಕೆ. ಬಿಜ್ಜಳನ ಭಂಡಾರಿಯಾಗಿ ರಾಜ್ಯದ ಬೊಕ್ಕಸ ನೋಡಿಕೊಂಡ ಬಸವಣ್ಣನ ಐಕ್ಯಸ್ಥಳ ಕೂಡಲಸಂಗಮದಲ್ಲಿ ಇಂದಿಗೂ ಯಾತ್ರಾಸ್ಥಳ. ಈ ಸಂಪ್ರದಾಯದ ಫಲವಾಗಿ ರಾಜ್ಯದ ಅನೇಕ ಲಿಂಗಾಯತ ನಾಯಕರಿಗೆ ಸಮಾಧಿಗಳಿವೆ. ಕಣಗಲಾದ ಮುಂದೆ ಹಾಯುವ ಹೆದ್ದಾರಿಯಲ್ಲೇ ದಕ್ಷಿಣಕ್ಕೆ ಹೋದರೆ ಚಿತ್ರದುರ್ಗದ ಬಳಿಯ ಸೀಬಾರದಲ್ಲಿ, 2000ದಲ್ಲಿ ತೀರಿಕೊಂಡ ಎಸ್. ನಿಜಲಿಂಗಪ್ಪನವರ ಸಮಾಧಿ ಸಿಗುತ್ತದೆ. ಅದೇ ವರ್ಷ ನಿಧನರಾದ ಮತ್ತೊಬ್ಬ ಮಾಜಿ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಹುಟ್ಟೂರಾದ ಕಾರಿಗನೂರಿನ ಮಣ್ಣು ಸೇರಿದರು.

ಬೆಲ್ಲದ ಬಾಗೇವಾಡಿಯ ತೋಟ

ಹುಕ್ಕೇರಿ ತಾಲ್ಲೂಕಿನಲ್ಲಿ ಇದರ ಇತ್ತೀಚಿನ ದೊಡ್ಡ ಉದಾಹರಣೆ ಉಮೇಶ ಕತ್ತಿ. ತಂದೆ ವಿಶ್ವನಾಥ ಕತ್ತಿ ಶಾಸಕರಾಗಿದ್ದಾಗಲೇ 1985ರಲ್ಲಿ ನಿಧನರಾದಾಗ, ಉಪಚುನಾವಣೆಗೆ ನಿಂತು ಗೆದ್ದ ಮಗನಿಗೆ ಇಪ್ಪತ್ತನಾಲ್ಕರ ಆಸುಪಾಸು. ಆಮೇಲೆ ಪಕ್ಷಗಳು ಬದಲಾದವು, ಕ್ಷೇತ್ರ ಬದಲಾಗಲಿಲ್ಲ. ಒಟ್ಟು 8 ಬಾರಿ ಹುಕ್ಕೇರಿಯಿಂದ ಗೆದ್ದರು. ಉತ್ತರ ಕರ್ನಾಟಕ ಪ್ರತ್ಯೇಕ ರಾಜ್ಯವಾಗಬೇಕೆಂದು ಸಚಿವರಾಗಿದ್ದಾಗಲೂ ಹೇಳಿ ಪಕ್ಷವನ್ನು ಮುಜುಗರಕ್ಕೆ ತಳ್ಳಿದರು. ಅರಣ್ಯ ಮತ್ತು ಆಹಾರ ಸಚಿವರಾಗಿದ್ದ ಅವರು 2022ರ ಸೆಪ್ಟೆಂಬರ್ 6ರ ರಾತ್ರಿ ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು.

ಮರುದಿನದ ಅವರ ಕೊನೆಯ ಪಯಣದ ದಾರಿಯನ್ನು ಗಮನಿಸಬೇಕು. ವಿಮಾನದಲ್ಲಿ ಸಾಂಬ್ರಾ ನಿಲ್ದಾಣಕ್ಕೆ, ಅಲ್ಲಿಂದ ರಸ್ತೆಯಲ್ಲಿ ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಗೆ, ಅಲ್ಲಿ ಸಾರ್ವಜನಿಕರ ದರ್ಶನದ ಬಳಿಕ ಬೆಲ್ಲದ ಬಾಗೇವಾಡಿಗೆ. ಈ ಭಾಗದ ರಾಜಕಾರಣ ನಿಂತಿರುವುದು ಕಬ್ಬು, ಸಹಕಾರ ಸಂಘ ಮತ್ತು ಮನೆತನಗಳ ಮೇಲೆ. ಶವಯಾತ್ರೆ ಕೂಡ ಅದೇ ಹಾದಿ ಹಿಡಿಯಿತು. ಸರಕಾರಿ ಗೌರವದೊಂದಿಗೆ, ಲಿಂಗಾಯತ ವಿಧಿಯಂತೆ, ಕುಟುಂಬದ ತೋಟದಲ್ಲಿ ತಂದೆ ತಾಯಿಯ ಸಮಾಧಿಯ ಪಕ್ಕದಲ್ಲೇ ಅವರನ್ನು ಮಣ್ಣು ಮಾಡಲಾಯಿತು. 2023ರ ಚುನಾವಣೆಯಲ್ಲಿ ಮಗ ನಿಖಿಲ್ ಕತ್ತಿ ಅದೇ ಹುಕ್ಕೇರಿಯಿಂದ ಗೆದ್ದರು. ತೋಟದ ಸಮಾಧಿಗಳೂ ವಿಧಾನಸಭೆಯ ಸ್ಥಾನವೂ ಒಂದೇ ಕುಟುಂಬದ ಸಾಲಿನಲ್ಲಿ ಮುಂದುವರಿದವು. ಇನ್ನೊಂದು ತಿಂಗಳಲ್ಲೇ, 2022ರ ಅಕ್ಟೋಬರ್‌ನಲ್ಲಿ, ವಿಧಾನಸಭೆಯ ಉಪಸಭಾಧ್ಯಕ್ಷ ಆನಂದ ಮಾಮನಿ ನಿಧನರಾದಾಗ ಅವರನ್ನೂ ಬೆಂಗಳೂರಿನಿಂದ ಸ್ವಂತ ಊರಾದ ಸವದತ್ತಿಗೇ ತರಲಾಯಿತು.

ದೆಹಲಿಯಲ್ಲೇ ಉಳಿದವರು

ಹೀಗೆ ಊರಿಗೆ ಮರಳುವ ಭಾಗ್ಯ ಸುರೇಶ ಅಂಗಡಿಯವರಿಗೆ ಸಿಗಲಿಲ್ಲ. ಬೆಳಗಾವಿಯಿಂದ 2004ರಿಂದ ಸತತ 4 ಬಾರಿ ಸಂಸದರಾದ ಅವರು 2019ರಲ್ಲಿ ರೈಲ್ವೆ ರಾಜ್ಯ ಸಚಿವರಾದರು. ಕಿತ್ತೂರು ಮೂಲಕ ಬೆಳಗಾವಿ–ಧಾರವಾಡ ನೇರ ರೈಲು ಮಾರ್ಗಕ್ಕೆ ಒತ್ತಾಸೆಯಾಗಿ ನಿಂತವರು ಅವರೇ. 2020ರ ಸೆಪ್ಟೆಂಬರ್ 23ರಂದು ಕೋವಿಡ್‌ನಿಂದ ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಆ ರೋಗಕ್ಕೆ ಬಲಿಯಾದ ಮೊದಲ ಕೇಂದ್ರ ಸಚಿವ ಅವರು. ಸೋಂಕಿನ ನಿಯಮಗಳ ಕಾರಣ ದೇಹವನ್ನು ಬೆಳಗಾವಿಗೆ ತರಲಾಗಲಿಲ್ಲ. ಮರುದಿನ ದೆಹಲಿಯ ದ್ವಾರಕಾದಲ್ಲಿರುವ ಲಿಂಗಾಯತ ರುದ್ರಭೂಮಿಯಲ್ಲಿ ಅಂತ್ಯಕ್ರಿಯೆ ನಡೆಯಿತು.

ಊರಿಗೆ ರೈಲು ತರಲು ದೆಹಲಿಗೆ ಹೋದವರು ಊರಿಗೆ ಮರಳಲಿಲ್ಲ. ಆ ದಿನಗಳಲ್ಲಿ ತಮ್ಮವರ ಮುಖವನ್ನೂ ನೋಡದೆ ಕಳಿಸಿಕೊಟ್ಟ ಸಾವಿರಾರು ಮನೆಗಳ ದುಃಖ ಸಚಿವರ ಮನೆಯನ್ನೂ ಬಿಡಲಿಲ್ಲ. ಅಧಿಕಾರದಿಂದ ಅಂದು ಏನೂ ಆಗುವಂತಿರಲಿಲ್ಲ.

ಕೆಲವೊಮ್ಮೆ ರೋಗವಲ್ಲ, ರಾಜಕಾರಣವೇ ಜಾಗವನ್ನು ನಿರ್ಧರಿಸುತ್ತದೆ. ಶಂಕರಾನಂದರು ಯಾರ ಸಂಪುಟದಲ್ಲಿದ್ದರೋ ಆ ಮಾಜಿ ಪ್ರಧಾನಿ ಪಿ.ವಿ. ನರಸಿಂಹರಾವ್ 2004ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ತೀರಿಕೊಂಡರೂ ಅಂತ್ಯಕ್ರಿಯೆ ನಡೆದದ್ದು ಹೈದರಾಬಾದಿನಲ್ಲಿ. 2018ರಲ್ಲಿ ಕರುಣಾನಿಧಿಯವರಿಗೆ ಚೆನ್ನೈನ ಮರೀನಾ ಕಡಲತಡಿಯಲ್ಲಿ ಜಾಗ ಸಿಕ್ಕಿದ್ದು ಮದ್ರಾಸ್ ಹೈಕೋರ್ಟ್ ಆದೇಶದ ಬಳಿಕ.

ಸ್ಮಶಾನದಲ್ಲೊಂದು ರಾತ್ರಿ

ಬೆಳಗಾವಿಯಲ್ಲಿ ಬದುಕಿರುವಾಗಲೇ ಸ್ಮಶಾನಕ್ಕೆ ಹೋದ ರಾಜಕಾರಣಿಯೂ ಇದ್ದಾರೆ. ಹುಕ್ಕೇರಿ ತಾಲ್ಲೂಕಿನ ಯಮಕನಮರಡಿ ಕ್ಷೇತ್ರವನ್ನು ಪ್ರತಿನಿಧಿಸುವ ಗೋಕಾಕದ ಸತೀಶ ಜಾರಕಿಹೊಳಿ 2014ರ ಡಿಸೆಂಬರ್ 6ರಂದು, ಅಂಬೇಡ್ಕರ್ ಪರಿನಿರ್ವಾಣ ದಿನ, ಬೆಳಗಾವಿಯ ಸದಾಶಿವನಗರ ಸ್ಮಶಾನದಲ್ಲಿ ಬೆಂಬಲಿಗರೊಂದಿಗೆ ಊಟ ಮಾಡಿ ರಾತ್ರಿ ಅಲ್ಲೇ ಮಲಗಿದರು. ದೆವ್ವ, ಮೈಲಿಗೆ ಎಂಬ ಭಯ ಬಿಡಿಸುವುದು ಉದ್ದೇಶ. ಮುಂದೆ ಅದು ಮಾನವ ಬಂಧುತ್ವ ವೇದಿಕೆಯ ವಾರ್ಷಿಕ ಕಾರ್ಯಕ್ರಮವಾಯಿತು.

ಅಂಬೇಡ್ಕರರ ನೆನಪಿಗೆ ಈ ಸೀಮೆಯಲ್ಲಿ ಹಳೆಯ ಬೇರುಗಳಿವೆ. 1925ರಲ್ಲಿ ಅವರು ಕಣಗಲಾಕ್ಕೆ ಹತ್ತಿರದ ನಿಪ್ಪಾಣಿಗೆ ಅಸ್ಪೃಶ್ಯರ ಪರಿಷತ್ತಿಗಾಗಿ ಬಂದಿದ್ದರು. ಶಂಕರಾನಂದರು ಹುಟ್ಟಿದ್ದು ಅದೇ ವರ್ಷ. ಊರ ಬಾವಿಗೆ ಸೇರಿಸದ ಜನರ ನಡುವೆ ಹುಟ್ಟಿದ ಮಗು ದೇಶದ ಜಲಸಂಪನ್ಮೂಲ ಸಚಿವನಾದದ್ದು ಸಣ್ಣ ಬದಲಾವಣೆಯಲ್ಲ.

ಜಾಗ ಇಲ್ಲದವರು

ಆದರೆ ಊರ ಬಾವಿಗಿಂತ ತಡವಾಗಿ ತೆರೆದುಕೊಂಡದ್ದು ಊರ ಮಣ್ಣು. ಸ್ವಂತ ತೋಟ ಇದ್ದವರಿಗೆ ಸಮಾಧಿಯ ಚಿಂತೆಯಿಲ್ಲ, ಹೊಲದ ಬದುವಿನಲ್ಲೇ ಅಜ್ಜ ಮುತ್ತಜ್ಜರ ಗದ್ದುಗೆಗಳಿರುತ್ತವೆ. ಹೊಲವಿಲ್ಲದವರು ಹಳ್ಳದ ದಂಡೆ, ರಸ್ತೆಯ ಬದಿ ನೋಡಬೇಕು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಹೆಣ ಹೊತ್ತವರು ದಾರಿ ಕಾಯಬೇಕು. ಸ್ಮಶಾನ ಇದ್ದರೂ ಅದರ ದಾರಿ ಬೇರೆಯವರ ಹೊಲದಲ್ಲಿ ಹಾದುಹೋಗುವುದರಿಂದ ಜಗಳಗಳಾಗುತ್ತವೆ. ಈ ಕಷ್ಟ ಹೆಚ್ಚಾಗಿ ಬೀಳುವುದು ದಲಿತರ ಮೇಲೆ.

ಸ್ಮಶಾನವಿಲ್ಲದ ಗ್ರಾಮಗಳಿಗೆ ಜಾಗ ಒದಗಿಸಬೇಕೆಂದು ಕರ್ನಾಟಕ ಹೈಕೋರ್ಟ್ 2019ರಲ್ಲಿ ಸರಕಾರಕ್ಕೆ ಆದೇಶಿಸಿತು. ಆದೇಶ ಪೂರ್ಣವಾಗಿ ಜಾರಿಯಾಗದೆ ವಿಷಯ ನ್ಯಾಯಾಂಗ ನಿಂದನೆಯ ಅರ್ಜಿಯಾಗಿ ಮತ್ತೆ ಅದೇ ನ್ಯಾಯಾಲಯದ ಮುಂದೆ ಬಂತು. ಸರಕಾರಿ ಜಮೀನು ಇಲ್ಲದ ಕಡೆ ಖಾಸಗಿ ಜಮೀನು ಕೊಳ್ಳಬೇಕು, ಆದರೆ ಸ್ಮಶಾನಕ್ಕೆಂದು ಹೊಲ ಮಾರಲು ಮುಂದೆ ಬರುವವರು ಕಡಿಮೆ.

ಹುಕ್ಕೇರಿಯ ಗುಮ್ಮಟದಿಂದ ಬೆಲ್ಲದ ಬಾಗೇವಾಡಿಯ ತೋಟದವರೆಗೆ ನಾಯಕರ ಸಮಾಧಿಗಳು ಅವರ ಕಾಲದ ಅಧಿಕಾರ ಯಾರ ಕೈಯಲ್ಲಿತ್ತು ಎಂಬುದನ್ನು ಹೇಳುತ್ತವೆ. ಅವರು ಊರಿಗೆ ಏನು ಬಿಟ್ಟುಹೋದರು ಎಂಬುದನ್ನು ಕಣಗಲಾದ ಕಾರ್ಖಾನೆ, ಅಂಗಡಿಯವರ ರೈಲು ಮಾರ್ಗ ಹೇಳಬೇಕು. ಆದರೆ ಊರಿನ ಬಡವನೊಬ್ಬ ಸತ್ತ ದಿನ ಅವನ ಮನೆಯವರು ಜಾಗಕ್ಕಾಗಿ ಯಾರ ಕಾಲನ್ನೂ ಹಿಡಿಯದಂತಾದರೆ, ಬದುಕಿರುವ ನಾಯಕರಿಗೆ ಅದಕ್ಕಿಂತ ಒಳ್ಳೆಯ ಸ್ಮಾರಕ ಬೇಕಾಗಿಲ್ಲ.